ಬಾವಲಿಗೆ ನೆತೊಪೀರ್ ಸರಿಯೋ, ನೆತೊಪೆಯ್ರ್ ಸರಿಯೋ? ಮಗಳ ಚೆಕ್ ಉಕ್ತಲೇಖನದ ಬಗ್ಗೆ

ಬರ್ನೊ_ನಿವಾಸಿ:

ಎಲ್ಲರಿಗೂ ನಮಸ್ಕಾರ. ಚೆಕ್ ಭಾಷೆ ಚೆನ್ನಾಗಿ ಬಲ್ಲವರು ಇಲ್ಲಿ ಕೆಲವರಿದ್ದೀರಿ ಎಂಬ ಧೈರ್ಯದಿಂದ ಕೇಳುತ್ತಿದ್ದೇನೆ.

ಮಗಳು ಹುಟ್ಟಿದ್ದು ಪ್ರಾಗ್‌ನಲ್ಲಿ. ಏಳು ವರ್ಷ ಝಿಶ್ಕೊಫ್ ಬಡಾವಣೆಯಲ್ಲಿದ್ದೆವು. ನಾನು ಕೆಲಸಕ್ಕೆ ಹೋದಾಗ ಕೆಳಮನೆಯ ಚೆಕ್ ಅಜ್ಜಿಯೇ ಅವಳನ್ನು ನೋಡಿಕೊಳ್ಳುತ್ತಿದ್ದರು. ಪ್ರಾಣಿಗಳ ಹೆಸರುಗಳನ್ನೆಲ್ಲ ಆಕೆಯ ಮಡಿಲಲ್ಲಿ ಕುಳಿತು ಚಿತ್ರಪುಸ್ತಕ ನೋಡುತ್ತ ಕಲಿತಳು. ಕಳೆದ ಬೇಸಿಗೆಯಲ್ಲಿ ದೇಶದ ಪೂರ್ವಭಾಗವಾದ ಮೊರಾವಿಯಾದ ಬರ್ನೊ ನಗರಕ್ಕೆ ಬಂದೆವು. ಈಗ ಮೂರನೆಯ ತರಗತಿ.

ಹೋದ ವಾರ ಉಕ್ತಲೇಖನದ ಪುಸ್ತಕ ತಂದಳು. ಮೂರು ಕಡೆ ಕೆಂಪು ಗೆರೆ. ಹೋರಿಗೆ ‘ಬೆಯ್ಕ್’ ಎಂದು ಬರೆದಿದ್ದಳು, ಶಿಕ್ಷಕಿ ‘ಬೀಕ್’ ಎಂದು ತಿದ್ದಿದ್ದಾರೆ. ಬಾವಲಿ ‘ನೆತೊಪೆಯ್ರ್’ ಹೊಡೆದುಹೋಗಿ ‘ನೆತೊಪೀರ್’ ಆಗಿದೆ. ಕೋತಿ ‘ವೊಪಿತ್ಸೆ’ ಇದ್ದದ್ದು ‘ಒಪಿತ್ಸೆ’ ಆಗಿದೆ. ಸರಿ, ಅಜ್ಜಿಯದು ಆಡುಮಾತು, ಶಾಲೆಯದು ಗ್ರಂಥಭಾಷೆ ಎಂದು ನಾನೇ ಸಮಾಧಾನ ಹೇಳಿದೆ. ಆಗ ಅವಳು ಪಠ್ಯಪುಸ್ತಕ ತೆಗೆದು ಸುಂಡಿಲಿಯ ಚಿತ್ರ ತೋರಿಸಿದಳು. ಕೆಳಗೆ ‘ರೆಯ್ಸೆಕ್’ ಎಂದು ಅಚ್ಚಾಗಿದೆ. “ಇದರಲ್ಲೂ ಎಯ್ ಇದೆಯಲ್ಲಮ್ಮ, ಇದನ್ನು ಯಾಕೆ ಯಾರೂ ಹೊಡೆದಿಲ್ಲ?” ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ.

ಆಟದ ಅಂಗಳದಲ್ಲಿ ಮಕ್ಕಳು ಅವಳನ್ನು ‘ಪ್ರಝಚ್ಕ’, ಅಂದರೆ ಪ್ರಾಗ್‌ನವಳು ಎಂದು ಕರೆಯಲು ಶುರುಮಾಡಿದ್ದಾರೆ. ಈಗೀಗ ಪ್ರಾಣಿಗಳ ಹೆಸರು ಹೇಳುವ ಮುನ್ನ ಒಂದು ಗಳಿಗೆ ತಡೆದು ನನ್ನ ಮುಖ ನೋಡುತ್ತಾಳೆ. ಅದೇ ನನಗೆ ಹೆಚ್ಚು ಸಂಕಟ. ಅವಳು ಕಲಿತದ್ದನ್ನು ಮರೆಸಬೇಕೇ? ಒಂದು ಎಯ್ ತಪ್ಪು, ಇನ್ನೊಂದು ಎಯ್ ಸರಿ ಎನ್ನುವುದಕ್ಕೆ ಏನಾದರೂ ನಿಯಮವಿದೆಯೇ?

ಹಾನಾ_ಸೊಸೆ:

ಮರೆಸಬೇಡಿ. ಮೊದಲು ಮಗಳನ್ನು ಕೂರಿಸಿಕೊಂಡು, ಅವಳ ಕಿವಿಯಲ್ಲಿ ಯಾವ ತಪ್ಪೂ ಇಲ್ಲ ಎಂದು ಹೇಳಿ. ಆ ಕಿವಿಯೇ ಅವಳಿಗೆ ಕಾಗುಣಿತ ಕಲಿಸಲಿದೆ. ಹೇಗೆ ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ, ಸ್ವಲ್ಪ ದೂರದಿಂದ ಬರಬೇಕು.

ನಾನು ಪ್ರಾಗ್‌ನಲ್ಲಿದ್ದು 18 ವರ್ಷವಾಯಿತು. ಗಂಡನ ಊರು ಮೊರಾವಿಯಾದ ಓಲೊಮೊಉತ್ಸ್ ಹತ್ತಿರದ ಒಂದು ಹಳ್ಳಿ, ಹಾನಾ ಸೀಮೆ. ಮದುವೆಯಾದ ಮೊದಲ ಬೇಸಿಗೆಯಲ್ಲಿ ಅತ್ತೆಯ ಅಡುಗೆಮನೆಯಲ್ಲಿ ಕುಳಿತಿದ್ದೆ. ಹಿಟ್ಟು ಮೆತ್ತಿದ ಕೈಯನ್ನು ಎತ್ತಿ ಕಿಟಕಿಯತ್ತ ತೋರಿಸಿ ಅತ್ತೆ “ಮೋಖ!” ಎಂದರು. ನಾನು ನಿಘಂಟು ತೆರೆದು ಮೋ ಎಂಬಲ್ಲಿ ಹುಡುಕಿದೆ, ಸಿಗಲಿಲ್ಲ. ಆಕೆ ಮತ್ತೆ ಮತ್ತೆ “ಮೋಖ, ಮೋಖ” ಎನ್ನುತ್ತಿದ್ದಾರೆ, ನಾನು ಹಾಳೆ ತಿರುವುತ್ತಲೇ ಇದ್ದೇನೆ. ಕೊನೆಗೆ ಅದು ಹಾರಿ ಬಂದು ನಿಘಂಟಿನ ಮೇಲೆಯೇ ಕುಳಿತುಕೊಂಡಿತು. ನೊಣ! ಪುಸ್ತಕದ ಚೆಕ್‌ನಲ್ಲಿ ಅದು ‘ಮೊಉಖ’. ಆ ಸೀಮೆಯಲ್ಲಿ ಒಉ ಎಂಬ ಸಂಧ್ಯಕ್ಷರವೆಲ್ಲ ಓ ಆಗುತ್ತದೆ. ಹುಂಜ ‘ಕೊಹೊಉತ್’ ಅಲ್ಲ, ‘ಕೊಹೋತ್’. ನಿಮ್ಮ ಮಗಳ ಹೋರಿ ಅಲ್ಲಿ ಬೀಕ್ ಕೂಡ ಅಲ್ಲ, ಬೆಯ್ಕ್ ಕೂಡ ಅಲ್ಲ, ‘ಬೇಕ್’. ಮೀನಿಗೆ ಪುಸ್ತಕದಲ್ಲಿ ‘ರಿಬ’, ಅತ್ತೆಯ ಬಾಯಲ್ಲಿ ‘ರೆಬ’. ಅಂದಿನಿಂದ ನಾನು ಪ್ರಾಣಿಗಳ ಹೆಸರನ್ನು ಎರಡು ಕಾಲಮ್ಮಿನಲ್ಲಿ ಬರೆದಿಡಲು ಶುರುಮಾಡಿದೆ, ನೋಟ್‌ಬುಕ್ ಇನ್ನೂ ಇದೆ.

ಈಗ ಇತಿಹಾಸ. ಹಳೆಯ ಚೆಕ್‌ನಲ್ಲಿ ಮೂರು ದೀರ್ಘ ಸ್ವರಗಳು ಸರಿಸುಮಾರು ಒಂದೇ ಕಾಲದಲ್ಲಿ, ಅಂದರೆ 14ನೆಯ ಶತಮಾನದಿಂದ 16ನೆಯ ಶತಮಾನದ ನಡುವೆ, ಜಾಗ ಬಿಟ್ಟು ಸರಿದವು. ಊ ಹೋಗಿ ಒಉ ಆಯಿತು: ‘ಮೂಖ’ ಇದ್ದದ್ದು ಮೊಉಖ. ‘ಗಟ್ಟಿ ಇ’ ಎಂದು ಇಂದು ಶಾಲೆಯಲ್ಲಿ ಕರೆಯುವ y ಅಕ್ಷರ, ಅಂದರೆ ಇಪ್ಸಿಲೊನ್‌ನ ದೀರ್ಘ ರೂಪ ಎಯ್ ಆಯಿತು: ಬೀಕ್ ಹೋಗಿ ಬೆಯ್ಕ್. ಓ ಎಂಬುದು ಮೊದಲು ಉಒ ಆಗಿ, ಆಮೇಲೆ ಊ ಆಯಿತು: ಕುದುರೆ ‘ಕೋಞ್’ ಇದ್ದದ್ದು ‘ಕುಒಞ್’, ಈಗ ‘ಕೂಞ್’. ಕೂಞ್ ಬರೆಯುವಾಗ ಉ ಅಕ್ಷರದ ತಲೆಯ ಮೇಲೆ ಪುಟ್ಟ ಉಂಗುರ ಹಾಕುತ್ತಾರಲ್ಲ, ಅದು ಆ ಹಳೆಯ ಒ ಅಕ್ಷರವೇ. ಪಕ್ಕದ ಸ್ಲೊವಾಕ್ ಜನ ಇಂದಿಗೂ ಕುಒಞ್ ಎಂದೇ ಉಚ್ಚರಿಸುತ್ತಾರೆ. ಮೊದಲ ಸಲ ಬ್ರಾತಿಸ್ಲಾವದಲ್ಲಿ ಅದನ್ನು ಕೇಳಿದಾಗ ನನಗೆ ಮೈ ನವಿರೆದ್ದಿತ್ತು, ಆರು ನೂರು ವರ್ಷದ ಹಿಂದಿನ ಪ್ರಾಗ್ ಯಾರದೋ ಬಾಯಿಂದ ಮಾತನಾಡಿದ ಹಾಗೆ.

ಈ ಮೂರರಲ್ಲಿ ಎರಡಕ್ಕೆ ಗ್ರಂಥಭಾಷೆ ಬಾಗಿಲು ತೆರೆಯಿತು. ಒಉ ಒಳಗೆ ಬಂತು, ಉಂಗುರದ ಊ ಒಳಗೆ ಬಂತು. ಎಯ್ ಮಾತ್ರ ಹೊಸ್ತಿಲಲ್ಲೇ ನಿಂತಿತು. ಯೋಸೆಫ್ ದೊಬ್ರೊಫ್ಸ್ಕೀ 1809ರಲ್ಲಿ ಚೆಕ್ ವ್ಯಾಕರಣ ಬರೆದಾಗ ತನ್ನ ಕಾಲದ ಬೀದಿಯ ಮಾತನ್ನು ಆಧಾರವಾಗಿ ಹಿಡಿಯಲಿಲ್ಲ. 16ನೆಯ ಶತಮಾನದ ಕೊನೆಯಲ್ಲಿ ಅಚ್ಚಾದ ಕ್ರಾಲಿತ್ಸೆ ಬೈಬಲ್ಲಿನಂಥ ಗ್ರಂಥಗಳ ಭಾಷೆಯನ್ನು ಮಾದರಿಯಾಗಿ ಇಟ್ಟುಕೊಂಡರು. ಹೀಗಾಗಿ ಬೊಹೀಮಿಯಾದ, ಅಂದರೆ ಪ್ರಾಗ್ ಇರುವ ಪಶ್ಚಿಮ ಸೀಮೆಯ, ಮನೆಮನೆಯಲ್ಲಿ ಶತಮಾನಗಳಿಂದ ಆಡುತ್ತಿದ್ದ ಬೆಯ್ಕ್ ಶಾಲೆಯ ಕಣ್ಣಿನಲ್ಲಿ ತಪ್ಪಾಗಿ ಉಳಿಯಿತು. ಆದರೆ ಒಂದೊಂದೇ ಪದವನ್ನು ಹಿಡಿದು ಯಾರೂ ಪಂಚಾಯಿತಿ ಮಾಡಲಿಲ್ಲ. ಕೆಲವು ಹೆಸರುಗಳು ಎಯ್ ಸಮೇತವೇ ಶಿಷ್ಟ ಭಾಷೆಯಲ್ಲಿ ಉಳಿದುಕೊಂಡವು. ಸುಂಡಿಲಿ ‘ರೆಯ್ಸೆಕ್’, ತೊರಕೆ ಮೀನು ‘ರೆಯ್ನೊಕ್’, ನೊಣ ಹಿಡಿಯುವ ಪುಟ್ಟ ಹಕ್ಕಿ ‘ಲೆಯ್ಸೆಕ್’, ದೊಡ್ಡ ತಿಮಿಂಗಿಲ ‘ಪ್ಲೆಯ್ತ್ವಾಕ್’. ನಿಮ್ಮ ಮಗಳು ಬೆರಳಿಟ್ಟು ತೋರಿಸಿದ್ದು ಇದನ್ನೇ. ಎಂಟು ವರ್ಷದ ಮಗು ಅದನ್ನು ಕಂಡುಹಿಡಿದದ್ದಕ್ಕೆ ಬೆನ್ನು ತಟ್ಟಬೇಕು.

ವೊಪಿತ್ಸೆಯ ಕಥೆಯೂ ಇದೇ. ಪದದ ಮೊದಲಿಗೆ ಒ ಬಂದರೆ ಬೊಹೀಮಿಯಾದವರು ಅದರ ಮುಂದೆ ಒಂದು ವ ಸೇರಿಸುತ್ತಾರೆ, ನಾವು ‘ಒಲೆ’ಯನ್ನು ಮಾತಿನಲ್ಲಿ ‘ವಲೆ’ ಎಂದುಬಿಡುವಂತೆ. ಕತ್ತೆ ‘ಒಸೆಲ್’ ಹೋಗಿ ‘ವೊಸೆಲ್’, ಹದ್ದು ‘ಒರೆಲ್’ ಹೋಗಿ ‘ವೊರೆಲ್’. ಇವು ಶಾಲೆಯಲ್ಲಿ ತಪ್ಪು. ಆದರೆ ಕಣಜದ ಹುಳಕ್ಕೆ ಶುದ್ಧ ಪುಸ್ತಕದ ಹೆಸರೇ ‘ವೊಸ’! ರಷ್ಯನ್, ಪೋಲಿಷ್, ಸ್ಲೊವಾಕ್ ಮೂರರಲ್ಲೂ ಅದು ‘ಒಸ’ ಎಂಬಂತೆಯೇ ಇದೆ. ಚೆಕ್‌ನಲ್ಲಿ ಮಾತ್ರ ಆ ವ ಪಾಸಾಗಿ ನಿಘಂಟಿಗೆ ಸೇರಿತು. ಕುಟುಂಬದ ಹೆಸರುಗಳನ್ನು ಗಮನಿಸಿ, ಅಂಚೆಪೆಟ್ಟಿಗೆಗಳ ಮೇಲೆ ವೊರೆಲ್, ವೊಕೊಉನ್, ಸೆಯ್ಕೊರ ಎಂದೆಲ್ಲ ಕಾಣುತ್ತವೆ. ಎಲ್ಲವೂ ಹಕ್ಕಿ, ಮೀನುಗಳ ಆಡುಮಾತಿನ ಹೆಸರುಗಳು. ಯಾವ ಶಿಕ್ಷಕಿಯೂ ಅವುಗಳ ಮೇಲೆ ಗೆರೆ ಎಳೆಯಲಾರರು.

ಇನ್ನು ಕೀಲಿಕೈ. ಮೂರನೆಯ ತರಗತಿಯಲ್ಲಿ ಅವರಿಗೆ ‘ವಿಯ್ಮೆನೊವನಾ ಸ್ಲೊವ’ ಎಂಬ, ಗಟ್ಟಿ ಇ ಬರೆಯಬೇಕಾದ ಪದಗಳ ಪಟ್ಟಿ ಬಾಯಿಪಾಠ ಮಾಡಿಸುತ್ತಾರೆ, ಅಲ್ಲವೇ? ಗಟ್ಟಿ ಇ (y) ಮತ್ತು ಮೆದು ಇ (i) ಎರಡರ ಉಚ್ಚಾರ ನೂರಾರು ವರ್ಷಗಳ ಹಿಂದೆಯೇ ಒಂದಾಗಿಹೋಯಿತು, ಬರಹದಲ್ಲಿ ಮಾತ್ರ ಬೇರೆ ಬೇರೆ ಉಳಿದಿದೆ. ಬ, ಲ, ಮ, ಪ, ಸ, ವ ಮುಂತಾದವುಗಳ ನಂತರ ಯಾವ ಇ ಬರೆಯಬೇಕೆಂದು ಕಿವಿ ಹೇಳುವುದಿಲ್ಲ, ಅದಕ್ಕೇ ಪಟ್ಟಿ. ಬೀಕ್, ಹ್ಲೆಮೀಶ್ತ್ಯ್ ಎಂಬ ಬಸವನಹುಳು, ನೆತೊಪೀರ್, ಸ್ಲೆಪೀಶ್ ಎಂಬ ಕಾಲಿಲ್ಲದ ಹಲ್ಲಿ, ಸೀಕೊರ ಎಂಬ ಪುಟ್ಟ ಹಕ್ಕಿ, ವೀರ್ ಎಂಬ ಕೊಂಬಿನ ಗೂಬೆ, ಎಲ್ಲವೂ ಆ ಪಟ್ಟಿಯಲ್ಲಿವೆ. ಬರ್ನೊದ ಮಕ್ಕಳು ಇದನ್ನು ಗಿಣಿಪಾಠ ಮಾಡಲೇಬೇಕು. ನಿಮ್ಮ ಮಗಳಿಗೆ ಬೇರೆ ದಾರಿಯಿದೆ: ಕೆಳಮನೆಯ ಅಜ್ಜಿ ಇದನ್ನು ಹೇಗೆ ಹೇಳುತ್ತಿದ್ದರು? ಬೆಯ್ಕ್, ಹ್ಲೆಮೆಯ್ಶ್ತ್ಯ್, ನೆತೊಪೆಯ್ರ್, ಸ್ಲೆಪೆಯ್ಶ್, ಸೆಯ್ಕೊರ, ವೆಯ್ರ್. ಅಜ್ಜಿಯ ಬಾಯಲ್ಲಿ ಎಯ್ ಬಂದರೆ ಬರೆಯಬೇಕಾದದ್ದು ಗಟ್ಟಿ ಇ! ಎಯ್ ಹುಟ್ಟಿದ್ದೇ ಆ ಇಪ್ಸಿಲೊನ್‌ನಿಂದ, ಆದ್ದರಿಂದ ಹಳೆಯ ವ್ಯತ್ಯಾಸ ಪ್ರಾಗ್‌ನ ಬಾಯಲ್ಲಿ ಜೀವಂತವಾಗಿದೆ. ಬರ್ನೊದ ಮಕ್ಕಳಿಗೆ ಸಿಗದ ಸುಳಿವು ನಿಮ್ಮ ಮಗಳಿಗೆ ತಾನಾಗಿ ಸಿಕ್ಕಿದೆ.

ಒಂದು ಎಚ್ಚರಿಕೆ. ಇದು ದೀರ್ಘಕ್ಕೆ ಮಾತ್ರ. ಇಲಿ ‘ಮಿಶ್’, ಹೆಣ್ಣುಕುದುರೆ ‘ಕೊಬಿಲ’, ನೀರುನಾಯಿ ‘ವಿದ್ರ’ ಇವೆಲ್ಲ ಹ್ರಸ್ವ, ಇವಕ್ಕೆ ಅಜ್ಜಿಯ ಸಹಾಯ ಇಲ್ಲ. ಮತ್ತೆ ಸ, ಜ಼, ತ್ಸ ನಂತರ ಮೆದು ಇ ಕೂಡ ಎಯ್ ಆಗಿಬಿಡುತ್ತದೆ. ಅನುಭವಿಸು ಎಂಬ ‘ತ್ಸೀತಿತ್’ ಎಂಬುದನ್ನು ಪ್ರಾಗ್‌ನವರು ‘ತ್ಸೆಯ್ತಿತ್’ ಎನ್ನುತ್ತಾರೆ, ಬರೆಯುವುದು ಮಾತ್ರ ಮೆದು ಇ. ಸೀಕೊರ ಪಟ್ಟಿಯಲ್ಲೇ ಇರುವುದರಿಂದ ಅದರ ಬಗ್ಗೆ ಚಿಂತೆಯಿಲ್ಲ.

ಒಸ್ತ್ರಾವ_ವಾಸಿ:

ಹಾನಾದ ಅಕ್ಕ ಹೇಳಿದ್ದನ್ನು ಓದಿ ಖುಷಿಯಾಯಿತು. ನಾನಿರುವ ಉತ್ತರ ಮೂಲೆಯ ಮಾತನ್ನೂ ಸೇರಿಸುತ್ತೇನೆ.

ಒಸ್ತ್ರಾವದವರಿಗೆ ‘ಕ್ರಾತ್ಕೀ ಜ಼ೊಬಾಕ್’, ಅಂದರೆ ‘ಗಿಡ್ಡ ಕೊಕ್ಕು’ ಇದೆ ಎಂದು ದೇಶವೆಲ್ಲ ಹೇಳುತ್ತದೆ. ಇಲ್ಲಿ ದೀರ್ಘವೆಲ್ಲ ಹ್ರಸ್ವ. ಹಸು ‘ಕ್ರಾವ’ ಅಲ್ಲ, ‘ಕ್ರವ’. ಕಪ್ಪೆ ‘ಝಾಬ’ ಅಲ್ಲ, ‘ಝಬ’. ಕುದುರೆ ‘ಕುಞ್’. ಆ ‘ಗಿಡ್ಡ ಕೊಕ್ಕು’ ಎಂಬುದನ್ನೇ ಇಲ್ಲಿಯವರು ‘ಕ್ರತ್ಕಿ ಜ಼ೊಬಕ್’ ಎನ್ನುತ್ತಾರೆ! ಚೆಕ್‌ನಲ್ಲಿ ಒತ್ತು ಯಾವಾಗಲೂ ಮೊದಲ ಅಕ್ಷರದ ಮೇಲೆ, ಅಳಿಲು ‘ವೆ’ವೆರ್ಕ. ಇಲ್ಲಿ ಪೋಲಿಷ್‌ನಂತೆ ಕೊನೆಯಿಂದ ಎರಡನೆಯದರ ಮೇಲೆ, ವೆ‘ವೆರ್’ಕ. ನನ್ನ ಜೊತೆ ಕೆಲಸ ಮಾಡುವವರು ಪ್ರಾಗ್‌ಗೆ ಹೋಗಿ ಬಾಯಿ ತೆರೆದರೆ ಸಾಕು, ಎಲ್ಲಿಯವರೆಂದು ಗೊತ್ತಾಗುತ್ತದೆ.

ಪೋಲೆಂಡ್ ಗಡಿ ಹತ್ತಿರವಿರುವುದರಿಂದ ಇನ್ನೊಂದು ಪ್ರಾಣಿ ನೆನಪಾಯಿತು. ಮಂಗೋಲಿಯಾದ ಕಾಡುಕುದುರೆಗೆ ಪೋಲಿಷ್ ಮೂಲದ ಒಬ್ಬ ರಷ್ಯನ್ ಅನ್ವೇಷಕರ ಹೆಸರಿದೆ. ರಷ್ಯನ್ನರು ‘ಪ್ರ್ಝೆವಾಲ್ಸ್ಕಿ’ ಎನ್ನುತ್ತಾರೆ, ಪೋಲಿಷರು ‘ಪ್ಶೆವಾಲ್ಸ್ಕಿ’. ಚೆಕ್‌ನಲ್ಲಿ ಅದಕ್ಕೆ ಅವರದೇ ಅಕ್ಷರ ಇದೆ, ರಕಾರ ನಾಲಿಗೆಯ ತುದಿಯಲ್ಲಿ ಉರುಳುತ್ತಿರುವಾಗಲೇ ಝಕಾರವೂ ಅದರೊಳಗೆ ಸೇರಿಹೋಗುವ ಧ್ವನಿ. ಪೋಲಿಷ್‌ನಲ್ಲೂ ಹಿಂದೆ ಅಂಥದೇ ಧ್ವನಿಯಿತ್ತು, ಕಾಲಕ್ರಮೇಣ ಅದರಲ್ಲಿನ ರ ಉದುರಿ ಬರೀ ಝ, ಶ ಉಳಿಯಿತು. ಈ ಕುದುರೆಗಳ ಅಂತರರಾಷ್ಟ್ರೀಯ ವಂಶಾವಳಿ ಪುಸ್ತಕವನ್ನು ನೋಡಿಕೊಳ್ಳುವುದು ಪ್ರಾಗ್‌ನ ತ್ರೋಯದಲ್ಲಿರುವ ಮೃಗಾಲಯ. ಅಲ್ಲಿ ಒಂದೇ ಬೇಲಿಯ ಬಳಿ ನಿಂತ ಪೋಲಿಷ್ ಕುಟುಂಬ ಒಂದು ಹೆಸರು, ಚೆಕ್ ಕುಟುಂಬ ಒಂದು ಹೆಸರು ಹೇಳುತ್ತಿದ್ದುದನ್ನು ನಾನೇ ಕೇಳಿದ್ದೇನೆ.

ಬರ್ನೊ_ನಿವಾಸಿ:

ಇಬ್ಬರಿಗೂ ಮನಸಾರೆ ಧನ್ಯವಾದ. ನಿನ್ನೆ ಸಂಜೆ ಅವಳನ್ನು ಕೂರಿಸಿಕೊಂಡು ಪಟ್ಟಿ ಓದಿದೆ. “ಅಜ್ಜಿ ಹೇಗೆ ಹೇಳುತ್ತಿದ್ದರು?” ಎಂದಾಗ ಕಣ್ಣು ಮುಚ್ಚಿಕೊಂಡು ಅಜ್ಜಿಯ ದನಿಯಲ್ಲೇ ‘ಸ್ಲೆಪೆಯ್ಶ್’ ಎಂದಳು. ಬಹಳ ದಿನಗಳ ನಂತರ ಅಷ್ಟು ಗಟ್ಟಿಯಾಗಿ ಹೇಳಿದ್ದು. ಹೋರಿ, ಬಾವಲಿ, ಬಸವನಹುಳು, ಗೂಬೆ ಎಲ್ಲ ಸರಿ ಬರೆದಳು.

ಆದರೆ ಹೊಸ ಗೊಂದಲವೊಂದು ಬಂದಿದೆ. ಕಾಗೆಯ ಜಾತಿಯ ಚಿಕ್ಕ ಹಕ್ಕಿಯೊಂದಕ್ಕೆ ‘ಕಫ್ಕ’ ಎಂದು ಕೇಳಿಸುತ್ತದೆ, ಪುಸ್ತಕದಲ್ಲಿ ‘ಕವ್ಕ’ ಎಂದಿದೆ. ಸಿಂಹ ‘ಲೆಫ್’ ಎಂದು ಕೇಳಿಸುತ್ತದೆ, ಬರೆಯುವುದು ‘ಲೆವ್’. ಇದೂ ಪ್ರಾಗ್, ಬರ್ನೊ ಜಗಳವೇ?

ಹಾನಾ_ಸೊಸೆ:

ಇಲ್ಲ, ಇದರಲ್ಲಿ ಪ್ರಾಗ್, ಬರ್ನೊ ಎರಡೂ ಒಂದೇ. ಚೆಕ್‌ನಲ್ಲಿ ದ, ಬ, ವ ಮುಂತಾದ ಘೋಷಾಕ್ಷರ ಪದದ ಕೊನೆಗೆ ಬಂದರೆ, ಅಥವಾ ಕ, ತ, ಪ ಮುಂತಾದವುಗಳ ಮುಂದೆ ಸಿಕ್ಕಿಕೊಂಡರೆ, ತನ್ನ ಘೋಷ ಕಳೆದುಕೊಳ್ಳುತ್ತದೆ. ಹಾವು ‘ಹದ್’ ಎಂದು ಬರೆದು ‘ಹತ್’ ಎನ್ನುತ್ತಾರೆ. ಪಾರಿವಾಳ ‘ಹೊಲುಬ್’ ಬರೆದು ‘ಹೊಲುಪ್’. ಟ್ರೌಟ್ ಮೀನು ‘ಪ್ಸ್ತ್ರುಹ್’ ಬರೆದು ‘ಪ್ಸ್ತ್ರುಖ್’. (ಅಂದ ಹಾಗೆ ಈ ಹದ್, ಹೊಲುಬ್, ಹೆಬ್ಬಾತಿನ ‘ಹುಸ’ ಮೂರರ ಹಕಾರವೂ ಹಿಂದೆ ಗಕಾರವಾಗಿತ್ತು, ರಷ್ಯನ್‌ನಲ್ಲಿ ಇಂದಿಗೂ ಗ ಇದೆ. ನಮ್ಮ ಪುಲಿ, ಪಾವು, ಪಂದಿ ಹೋಗಿ ಹುಲಿ, ಹಾವು, ಹಂದಿ ಆದದ್ದನ್ನು ಓದಿದವರಿಗೆ ಇದು ನೆಂಟರ ಮನೆಯ ಸುದ್ದಿಯಂತೆ ಕೇಳಿಸುತ್ತದೆ.)

ಉಪಾಯ ಸುಲಭ. ಆ ಅಕ್ಷರದ ನಂತರ ಒಂದು ಸ್ವರ ಬರುವಂತೆ ವಿಭಕ್ತಿ ಬದಲಿಸಿ. ಹತ್, ಆದರೆ ಹಾವಿನ ‘ಹದ’. ಲೆಫ್, ಆದರೆ ಸಿಂಹದ ‘ಲ್ವ’. ಕಫ್ಕ, ಆದರೆ ಅಂಥ ಹಕ್ಕಿಗಳ ‘ಕವೆಕ್’. ನಡುವೆ ಎ ಬಂದೊಡನೆ ವ ಉಸಿರು ತಿರುಗಿ ಎದ್ದು ಕೂರುತ್ತದೆ. ನೀರುಕುದುರೆ ‘ಹ್ರೊಖ್’ಗೆ ಹೀಗೆ ಮಾಡಿದರೂ ‘ಹ್ರೊಖ’ ಎಂದೇ ಬರುತ್ತದೆ, ಪ್ಸ್ತ್ರುಖ್ ಮಾತ್ರ ‘ಪ್ಸ್ತ್ರುಹ’ ಆಗುತ್ತದೆ. ಎರಡನ್ನೂ ಒಟ್ಟಿಗೆ ಹೇಳಿಸಿ ನೋಡಿ, ಮಕ್ಕಳಿಗೆ ಇದು ಇಷ್ಟವಾಗುತ್ತದೆ.

ಕಫ್ಕ ಎಂದಾಗ ನಿಮಗೆ ನೆನಪಾದದ್ದು ಸರಿಯೇ. ಲೇಖಕ ಫ್ರಾಂಟ್ಸ್ ಕಾಫ್ಕಾರ ಮನೆತನದ ಹೆಸರು ಈ ಹಕ್ಕಿಯದೇ, ಕಿವಿಗೆ ಕೇಳಿದ ಹಾಗೆ ಬರೆದದ್ದು. ಅವರ ತಂದೆಯ ಪ್ರಾಗ್‌ನ ಅಂಗಡಿಯ ಲಾಂಛನದಲ್ಲಿ ಈ ಹಕ್ಕಿಯ ಚಿತ್ರವೇ ಇತ್ತು. ಸ್ಲೊವಾಕ್‌ನವರು ಇದೇ ಹಕ್ಕಿಗೆ ‘ಕಉಕ’ ಎಂಬಂತೆ ಹೇಳುತ್ತಾರೆ, ಅವರ ವ ಕೊನೆಗೆ ಬಂದಾಗ ತುಟಿ ದುಂಡಗಾಗಿ ಉಕಾರದತ್ತ ಜಾರುತ್ತದೆ, ಫಕಾರ ಆಗುವುದಿಲ್ಲ.

ಇನ್ನೊಂದು ಜೋಡಿಯನ್ನು ಈಗಲೇ ಹೇಳಿಬಿಡುತ್ತೇನೆ, ನಾಳೆ ಹೇಗೂ ಎದುರಾಗುತ್ತದೆ. ಚೆಕ್ ಪದದಲ್ಲಿ ದ ನಂತರ ಮೆದು ಇ ಬಂದರೆ ದ ಮೆದುವಾಗುತ್ತದೆ, ಕಾಡುಹಂದಿ ‘ದ್ಯಿವೊಚಾಕ್’. ಮುಳ್ಳುಹಂದಿ ‘ದಿಕೊಬ್ರಸ್’ ಬರೆಯುವಾಗಲೂ ಅದೇ ಅಕ್ಷರ, ಆದರೆ ದ ಗಟ್ಟಿ, ಏಕೆಂದರೆ ಅದು ರಷ್ಯನ್‌ನಿಂದ ಬಂದ ಪದ. ಎರಡರಲ್ಲೂ ಇರುವುದು ‘ಕಾಡು’ ಎಂಬ ಅರ್ಥದ ಒಂದೇ ಮೂಲ. ನಮ್ಮಲ್ಲಿ ಇವೆರಡಕ್ಕೆ ಹಂದಿ ಸಮಾನ, ಅವರಲ್ಲಿ ಕಾಡು ಸಮಾನ.

ಪ್ರಾಗ್‌ನಲ್ಲೂ ಮಾತು ನಿಂತಿಲ್ಲ. ಗಂಡನ ಅಣ್ಣನ ಮಗಳು ಇಲ್ಲೇ ಬೆಳೆದವಳು, ಅವಳು ವೊಪಿತ್ಸೆ ಎನ್ನುವುದಿಲ್ಲ, ಒಪಿತ್ಸೆ ಎನ್ನುತ್ತಾಳೆ. ಆದರೆ ಕಟ್ಟುಮಸ್ತಾದ ಹುಡುಗನನ್ನು ಕಂಡರೆ ‘ಬೆಯ್ಕ್’ ಎಂದೇ ಹೇಳುತ್ತಾಳೆ. ವೃಷಭ ರಾಶಿಗೆ ಮಾತ್ರ ಅವಳೂ ‘ಬೀಕ್’ ಎನ್ನುತ್ತಾಳೆ. ರಾಶಿಗೆ ಬೆಯ್ಕ್ ಎಂದವರನ್ನು ನಾನು ಇದುವರೆಗೆ ಕೇಳಿಲ್ಲ.

ಬರ್ನೊ_ನಿವಾಸಿ:

ಇಂದಿನ ಉಕ್ತಲೇಖನದ ವರದಿ. ಬೀಕ್, ನೆತೊಪೀರ್, ವೀರ್ ಸರಿ. ಕವ್ಕ ಸರಿ, ಬರೆಯುವ ಮುನ್ನ ತುಟಿಯಲ್ಲೇ ‘ಕವೆಕ್’ ಎಂದುಕೊಂಡಳಂತೆ. ಕೆಂಪು ಗೆರೆ ಒಂದೇ ಒಂದು: ಸುಂ‌ಡಿಲಿಗೆ ‘ರೀಸೆಕ್’ ಎಂದು ಬರೆದುಬಂದಿದ್ದಾಳೆ. ಎಯ್ ಕೇಳಿದ ತಕ್ಷಣ ಗಟ್ಟಿ ಇ ಹಾಕಿಬಿಟ್ಟಳು.

ಹಾನಾ_ಸೊಸೆ:

ಆ ರೀಸೆಕ್ ಪುಟವನ್ನು ಹರಿಯಬೇಡಿ, ಎತ್ತಿಡಿ. ನಿಯಮ ಅವಳಿಗೆ ಅರ್ಥವಾಗಿದೆ ಎನ್ನುವುದಕ್ಕೆ ಅದೇ ಸಾಕ್ಷಿ. ಬಾಯಿಪಾಠ ಮಾಡಿದ ಮಗು ಆ ತಪ್ಪನ್ನು ಮಾಡುವುದೇ ಇಲ್ಲ. ರೆಯ್ಸೆಕ್, ರೆಯ್ನೊಕ್, ಲೆಯ್ಸೆಕ್, ಪ್ಲೆಯ್ತ್ವಾಕ್ ನಾಲ್ಕನ್ನೂ ಒಂದು ಚೀಟಿಯಲ್ಲಿ ಅವಳ ಕೈಯಲ್ಲೇ ಬರೆಸಿ, ಪಕ್ಕದಲ್ಲಿ ಚಿತ್ರ ಬಿಡಿಸಲು ಹೇಳಿ. ಝಿಶ್ಕೊಫ್‌ನ ಅಜ್ಜಿಗೆ ಫೋನ್ ಮಾಡಿ ಅವಳಿಂದಲೇ ಆ ಚೀಟಿ ಓದಿಸಿ. ಅಜ್ಜಿಗೂ ಬರ್ನೊ ಶಾಲೆಗೂ ಒಂದೇ ಉಚ್ಚಾರ ಇರುವ ಹೆಸರುಗಳು ಅವು.